ಹಳೇ ಬಾಕಿ

ಮಂಜೇಶ್ವರದ ಹತ್ತಿರ ನನ್ನ ಉಪ್ಪನದ್ದು ಸಣ್ಣ ಜೀನಸು ಅಂಗಡಿ. ಲೆಕ್ಕದ ಪುಸ್ತಕದಲ್ಲಿ ಒಂದೊಂದು ಮನೆಗೆ ಒಂದೊಂದು ಪುಟ. ಪ್ರತಿ ವರ್ಷ ಹೊಸ ಪುಸ್ತಕ ತೆರೆಯುವಾಗ ಪುಟದ ಮೊದಲ ಸಾಲು ಹಳೇ ಬಾಕಿ. ಚಿಕ್ಕಂದಿನಲ್ಲಿ ಆ ಸಾಲುಗಳನ್ನು ನಕಲು ಮಾಡುವ ಬೇಜಾರಿನ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಅದರ ಅರ್ಥ ತಲೆಗೆ ಹೋಗಲು ಮೂವತ್ತು ದಾಟಬೇಕಾಯಿತು, ಒಂದು ಫ್ರೀಜರ್ ಸುಡಬೇಕಾಯಿತು.

ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಕಂಪ್ರೆಸರ್ ಗೊತ್ತು. ಓಡುತ್ತಿದ್ದ ಕಂಪ್ರೆಸರ್ ನಿಂತ ಕೂಡಲೇ ಮತ್ತೆ ಶುರು ಮಾಡಬಾರದು. ಒಂದು ಬದಿಯಲ್ಲಿ ಗ್ಯಾಸಿನ ಒತ್ತಡ ಇನ್ನೂ ಜಾಸ್ತಿ ಇರುತ್ತದೆ, ಮೋಟಾರಿಗೆ ತಿರುಗಲು ಆಗುವುದಿಲ್ಲ, ಕರೆಂಟು ಎಳೆದು ಎಳೆದು ಬಿಸಿಯಾಗುತ್ತದೆ. ಸುಮಾರು ಮೂರು ನಿಮಿಷ ಬಿಟ್ಟರೆ ಎರಡೂ ಬದಿ ಸಮವಾಗುತ್ತದೆ. ನಮ್ಮ ಕಡೆ ಗುಡುಗು ಬಂದರೆ ಕರೆಂಟು ಹೋಗಿ ಬಂದು ಆಗುವುದು ನಿಮಗೆ ಹೇಳಬೇಕಾಗಿಲ್ಲ. ಹಾಗಾಗಿ ಉಪ್ಪನ ಐಸ್‌ಕ್ರೀಮ್ ಫ್ರೀಜರಿಗೆ ನಾನೇ ಒಂದು ಟೈಮರ್ ಮಾಡಲು ಹೊರಟೆ.

ಸರ್ಕ್ಯೂಟ್ ಸರಳ. 12 ವೋಲ್ಟ್, 820 ಕಿಲೋ ಓಮ್ ರೆಸಿಸ್ಟರ್, 220 ಮೈಕ್ರೋಫ್ಯಾರಡ್ ಕೆಪಾಸಿಟರ್. ಕೆಪಾಸಿಟರ್ ನಿಧಾನಕ್ಕೆ ತುಂಬಿ 8 ವೋಲ್ಟಿಗೆ ಬಂದಾಗ ರಿಲೇ ಹಾಕಿಕೊಳ್ಳುತ್ತದೆ. ಲೆಕ್ಕದಲ್ಲಿ 198 ಸೆಕೆಂಡು. ಬೆಸುಗೆ ಹಾಕುವ ಮೊದಲು ಎಲ್‌ಟಿಸ್ಪೈಸ್‌ನಲ್ಲಿ ಓಡಿಸಿ ನೋಡಿದೆ. 1970ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಲಾರೆನ್ಸ್ ನೇಗಲ್ ಬರೆದ ಸ್ಪೈಸ್ ಎಂಬ ಪ್ರೋಗ್ರಾಮಿನ ವಂಶದ್ದು ಅದು. ಈಗ ಯಾರು ಬೇಕಾದರೂ ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು.

ಓಡಿಸಿದರೆ ರಿಲೇ ಸೊನ್ನೆ ಸೆಕೆಂಡಿಗೇ ಆನ್! ಗ್ರಾಫಿನಲ್ಲಿ ಕೆಪಾಸಿಟರ್ ಶುರುವಿನಿಂದಲೇ 12 ವೋಲ್ಟ್. ಸಾಫ್ಟ್‌ವೇರೇ ತಪ್ಪು ಅಂದುಕೊಂಡೆ. ಹುಡುಕಿದಾಗ ಉತ್ತರ ಸಿಕ್ಕಿತು: ಟ್ರಾನ್ಸಿಯೆಂಟ್ ಸಾಲಿನ ಕೊನೆಗೆ ಯುಐಸಿ ಎಂದು ಸೇರಿಸು. ಸೇರಿಸಿದೆ. ಚಂದದ ಗೆರೆ ಬಂತು, ಸೊನ್ನೆಯಿಂದ ಏರಿ ಸರಿಯಾಗಿ 198 ಸೆಕೆಂಡಿಗೆ ರಿಲೇ. ಮೇಜಿನ ಮೇಲೆ ಪರೀಕ್ಷೆ ಮಾಡಿದಾಗಲೂ ಸರಿ. ಫ್ರೀಜರಿಗೆ ಕೂರಿಸಿದೆ.

ಆ ವರ್ಷ ನೋಂಬು ಏಪ್ರಿಲ್‌ನಲ್ಲಿ ಬಂದಿತ್ತು. ನೋಂಬು ಬಿಡುವ ಹೊತ್ತಿಗೆ ಜ್ಯೂಸು, ಐಸಿಗೆ ಒಳ್ಳೆಯ ವ್ಯಾಪಾರ. ಒಂದು ಸಂಜೆ ಗುಡುಗಿತು, ಕರೆಂಟು ಒಂದು ನಿಮಿಷ ಹೋಗಿ ಬಂತು, ಮತ್ತೆ ಹೋಯಿತು, ಬಂತು. ಕಂಪ್ರೆಸರ್ ಸುಟ್ಟಿತು. ಒಳಗಿದ್ದದ್ದೆಲ್ಲ ಕರಗಿತು. ಉಪ್ಪ ಕೇಳಿದಾಗ ನಾನು, "ವೋಲ್ಟೇಜ್ ಏರಿಳಿತ, ಏನೂ ಮಾಡಲಿಕ್ಕೆ ಆಗುವುದಿಲ್ಲ" ಎಂದೆ. ಅವರು ನಂಬಿದರು. ಹೊಸ ಕಂಪ್ರೆಸರಿಗೆ 6,500 ರೂಪಾಯಿ ಅವರೇ ಕೊಟ್ಟರು.

ನನಗೆ ನಿದ್ದೆ ಬರಲಿಲ್ಲ. ಲ್ಯಾಪ್‌ಟಾಪ್ ತೆರೆದು, ಯುಐಸಿ ಅಂದರೆ ಏನು ಎಂದು ಈ ಸಲ ಸರಿಯಾಗಿ ಓದಿದೆ. ಸಿಮ್ಯುಲೇಟರ್ ಮಾಮೂಲಾಗಿ ಮೊದಲು ಒಂದು ಲೆಕ್ಕ ಹಾಕುತ್ತದೆ: ಕರೆಂಟು ಬಹಳ ಹೊತ್ತಿನಿಂದ ಇದ್ದಿದ್ದರೆ ಎಲ್ಲೆಲ್ಲಿ ಎಷ್ಟು ವೋಲ್ಟ್ ಇರುತ್ತಿತ್ತು? ಅಲ್ಲಿಂದ ಮುಂದೆ ಓಡುತ್ತದೆ. ಯುಐಸಿ ಹಾಕಿದರೆ ಆ ಲೆಕ್ಕ ಬಿಟ್ಟು ನಾವು ಕೊಟ್ಟ ಆರಂಭದಿಂದ ಹೊರಡುತ್ತದೆ. ನಾನು ಏನೂ ಕೊಟ್ಟಿರಲಿಲ್ಲ. ಅಂದರೆ ಸೊನ್ನೆ. ಮೇಜಿನ ಮೇಲೆಯೂ ಪ್ರತಿ ಸಲ ಖಾಲಿ ಕೆಪಾಸಿಟರಿನಿಂದಲೇ ಶುರು ಮಾಡಿದ್ದೆ.

ಆದರೆ ಅಂಗಡಿಯಲ್ಲಿ ಬೆಳಗಿನಿಂದ ಕರೆಂಟಿತ್ತು, ಕೆಪಾಸಿಟರ್ ತುಂಬಿತ್ತು. ಒಂದು ನಿಮಿಷದಲ್ಲಿ ಅದು ಎಷ್ಟು ಇಳಿಯುತ್ತದೆ? ಕಾಗದದಲ್ಲಿ ಲೆಕ್ಕ ಹಾಕಿದೆ, 8.6 ವೋಲ್ಟ್. 8ಕ್ಕಿಂತ ಮೇಲೆ! ಡಾಟ್ ಐಸಿ ಎಂಬ ಸಾಲು ಬರೆದು ಆ ಬಿಂದುವಿಗೆ 8.6 ಕೊಟ್ಟು ಓಡಿಸಿದೆ. ರಿಲೇ ಒಂದು ಸೆಕೆಂಡೂ ಕಾಯಲಿಲ್ಲ. ಎರಡು ನಿಮಿಷ ಕರೆಂಟು ಹೋದರೆ ಉಳಿಯುವುದು 6.2, ಆಗ ಕಾಯುವುದು ಸುಮಾರು 68 ಸೆಕೆಂಡು ಮಾತ್ರ. ತಪ್ಪೆಂದು ನಾನು ಅಳಿಸಿದ್ದ ಮೊದಲ ಗ್ರಾಫ್ ತುಂಬಿದ ಕೆಪಾಸಿಟರಿನ ವಿಷಯವನ್ನೇ ಹೇಳಿತ್ತು.

ಡಿಪ್ಲೊಮಾ ಓದುವ ನಮ್ಮ ಮಕ್ಕಳಿಗೆ ಅಂಗಡಿ ಭಾಷೆಯಲ್ಲಿ ಹೇಳುತ್ತೇನೆ. ಡಾಟ್ ಐಸಿ ಎಂದರೆ ಖಾಯಂ ಬರೆದ ಹಳೇ ಬಾಕಿ. ಓಟ ಶುರುವಾಗುವ ಕ್ಷಣದವರೆಗೆ ಸಿಮ್ಯುಲೇಟರ್ ಅದನ್ನು ಹಿಡಿದುಕೊಳ್ಳುತ್ತದೆ. ಡಾಟ್ ನೋಡ್‌ಸೆಟ್ ಎಂದರೆ ಪೆನ್ಸಿಲಿನಲ್ಲಿ ಬರೆದ ಅಂದಾಜು. ಲೆಕ್ಕ ಕೂಡಿಸಲು ಸಹಾಯ ಮಾತ್ರ, ಕೊನೆಯ ಉತ್ತರ ಬೇರೆ ಬರಬಹುದು. ಬರೀ ಯುಐಸಿ ಎಂದರೆ ಯಾರ ಬಾಕಿಯನ್ನೂ ಬರೆಯದೆ ತೆರೆದ ಹೊಸ ಪುಸ್ತಕ.

ಸರಿಮಾಡಲು ಬೇಕಾದದ್ದು ಒಂದು ಡಯೋಡ್, ಬೆಲೆ ಒಂದೆರಡು ರೂಪಾಯಿ. ರೆಸಿಸ್ಟರಿಗೆ ಅಡ್ಡಲಾಗಿ, ಕರೆಂಟು ಹೋದ ಕೂಡಲೇ ಕೆಪಾಸಿಟರ್ ಬರಿದಾಗುವ ಹಾಗೆ ಹಾಕಿದೆ. 0.6 ವೋಲ್ಟ್ ಉಳಿಯುತ್ತದೆ ಎಂದು ಅದನ್ನೂ ಡಾಟ್ ಐಸಿಯಲ್ಲಿ ಬರೆದು ನೋಡಿದೆ: 189 ಸೆಕೆಂಡು. ಸಾಕು.

ಮರುದಿನ ಸುಬಹಿ ಕಳೆದು ಅಂಗಡಿ ತೆರೆಯುವಾಗ ಉಪ್ಪನಿಗೆ ಎಲ್ಲ ಹೇಳಿದೆ. ತಪ್ಪು ಕರೆಂಟಿನದ್ದಲ್ಲ, ನನ್ನದು ಎಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮತ್ತೆ, "ಮೋನೇ, ಹಳೇ ಬಾಕಿ ಬಿಟ್ಟು ಲೆಕ್ಕ ಶುರು ಮಾಡಿದೆಯಾ? ಎಷ್ಟು ವರ್ಷ ನಕಲು ಮಾಡಿದ್ದಿ!" ಎಂದರು. ಪುಸ್ತಕ ತೆಗೆದು, ಖಾಲಿ ಪುಟದಲ್ಲಿ ನನ್ನ ಹೆಸರು ಬರೆದು, ಕೆಳಗೆ 6,500 ಎಂದು ಹಾಕಿದರು.

ತಿಂಗಳಿಗೆ 500ರ ಹಾಗೆ ಕೊಡುತ್ತಾ ಬಂದಿದ್ದೇನೆ. ಈ ವರ್ಷದ ಹೊಸ ಪುಸ್ತಕದಲ್ಲಿ ನನ್ನ ಪುಟದ ಮೊದಲ ಸಾಲನ್ನು ನಾನೇ ಬರೆದೆ. ಹಳೇ ಬಾಕಿ, 1,500.