ಬಿಸಿಲಿನಲ್ಲೂ ಸೋರುವ ಬಸ್ಸು

ಶಿಗ್ಗಾವಿಯಲ್ಲಿರುವ ನಮ್ಮ ಅಣ್ಣ ಸಾಲ ಮಾಡಿ ಹಳೆಯದೊಂದು ಮಿನಿ ಬಸ್ಸು ಕೊಂಡ. ನೆತ್ತಿಯ ಮೇಲೆ ಏಸಿ ಕೂರಿಸಿದ ಬಸ್ಸು. ಸವಣೂರಿನಲ್ಲಿರುವ ಆಫ್ರಿಕಾ ಮೂಲದ ದೊಡ್ಡಹುಣಸೆ ಮರಗಳು, ಕನಕದಾಸರ ಬಾಡ, ಹಾನಗಲ್ಲಿನ ತಾರಕೇಶ್ವರ ಗುಡಿಯ ಕಲ್ಲಿನ ತಾವರೆ, ಹಿರೇಕೆರೂರಿನ ಕಡೆಯ ಅಬಲೂರು: ಶಾಲಾ ಮಕ್ಕಳ ಇಂಥ ಪ್ರವಾಸಗಳೇ ಅದರ ದುಡಿಮೆ.

ಒಮ್ಮೆ ಅಬಲೂರಿನಿಂದ ಮರಳುವಾಗ ಹಿಂದಿನ ಸೀಟಿನ ಹುಡುಗಿಯರ ಮೇಲೆ ತಟತಟನೆ ನೀರು. ಒಬ್ಬಳ ನೋಟುಬುಕ್ಕು ತೊಯ್ದುಹೋಯಿತು. ಪಾಲಕರ ದೂರು ಬಂತು, ಮುಂದಿನ ಬಾಡಿಗೆ ಹೋಯಿತು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಗ್ಯಾರೇಜೊಂದರಲ್ಲಿ ಏಸಿಯ ಸುತ್ತ ಎರಡು ಸಲ ಅಂಟು ಮೆತ್ತಿ ಹಣ ಪಡೆದರು. ನೀರು ಬೀಳುವುದು ಬೀಳುತ್ತಲೇ ಇತ್ತು. ಬಸ್ಸು ಮಾರಿಬಿಡುವ ಮಾತೂ ಬಂತು.

ಅಣ್ಣನ ಮಗ ಆಗಷ್ಟೇ ಹತ್ತನೆಯ ತರಗತಿ ಮುಗಿಸಿದ್ದ. ಅವನಿಗೆ ಐಟಿಐ ಬೇಕು, ಅಪ್ಪನಿಗೆ ಪಿಯುಸಿ ಸೈನ್ಸು. "ಮಸಿ ಮೆತ್ತಿಕೊಳ್ಳಾಕ ನಿನ್ನ ಓದಿಸೀನೇನು?" ಎಂಬ ಜಗಳ ದಿನವೂ ಇದ್ದದ್ದೇ. ಆ ಹುಡುಗ ಕೇಳಿದ: "ಅಪ್ಪಾ, ಸೋರೂದು ಮಳಿ ಬಂದಾಗೋ, ಏಸಿ ಹಚ್ಚಿದಾಗೋ?"

ಆವರೆಗೆ ಯಾರೂ ಇದನ್ನು ಕೇಳಿರಲಿಲ್ಲ. ಅಬಲೂರಿನ ದಾರಿಯಲ್ಲಿ ಒಂದು ಹನಿ ಮಳೆಯೂ ಇರಲಿಲ್ಲ!

ತಣ್ಣೀರಿನ ತಂಬಿಗೆಯ ಹೊರಮೈ ಬೆವರುವುದನ್ನು ಎಲ್ಲರೂ ಕಂಡಿದ್ದೇವೆ. ಏಸಿಯ ತಣ್ಣನೆಯ ಕೊಳವೆಗಳಿಗೂ ಗಾಳಿಯ ತೇವ ಹಾಗೆಯೇ ಹನಿಗಟ್ಟುತ್ತದೆ. ಆ ನೀರು ಕೆಳಗಿನ ತಟ್ಟೆಗೆ ಬಿದ್ದು, ಪೈಪಿನಲ್ಲಿ ಇಳಿದು ರಸ್ತೆಗೆ ಹೋಗಬೇಕು. ಪೈಪು ಕಟ್ಟಿದರೆ ತಟ್ಟೆ ತುಂಬಿ ಒಳಗೆ ಸುರಿಯುತ್ತದೆ. ಮಳೆಯಲ್ಲಷ್ಟೇ ಸೋರಿದರೆ ಏಸಿಗೂ ಮಾಡಿಗೂ ನಡುವಿನ ರಬ್ಬರು ಸತ್ತಿದೆ ಎಂದು ತಿಳಿಯಬೇಕು. ಅದನ್ನು ಬದಲಿಸಬೇಕೇ ಹೊರತು ಬೋಲ್ಟನ್ನು ಸಿಕ್ಕಾಪಟ್ಟೆ ಬಿಗಿದರೆ ಇನ್ನಷ್ಟು ಚಪ್ಪಟೆಯಾಗುತ್ತದೆ.

ಹುಡುಗ ಏಸಿ ಬಂದುಮಾಡಿ ಮಾಡಿನ ಮೇಲೆ ನಾಲ್ಕು ಕೊಡ ನೀರು ಸುರಿದ. ಒಳಗೆ ಒಣ. ಬಾಗಿಲು ಹಾಕಿ ಅರ್ಧ ತಾಸು ಏಸಿ ಓಡಿಸಿದ. ಹನಿ ಶುರು! ಎಂಜಿನ್ ನಿಲ್ಲಿಸಿ, ಬ್ಯಾಟರಿಯ ತಂತಿ ಬಿಚ್ಚಿ, ಮುಚ್ಚಳ ತೆಗೆದ. ತಟ್ಟೆ ತುಂಬಿತ್ತು. ಪೈಪಿನಿಂದ ಬೆರಳುದ್ದದ ಕರಿ ರಾಡಿ ಬಂತು. ತೊಳೆದು ಒಂದು ಲೋಟ ನೀರು ಹಾಕಿದಾಗ ಅದು ಹಿಂದಿನ ಗಾಲಿಯ ಬಳಿ ಇಳಿಯಿತು.

ಕಟ್ಟೆಯ ಮೇಲೆ ಕೂತಿದ್ದ ನಮ್ಮವ್ವ ಮಾಳಿಗೆ ಮನೆಯಲ್ಲಿ ಬಾಳಿದವಳು. "ಹರನಾಳಿಗಿ ಕಟ್ಟಿದ್ರ ಮ್ಯಾಲ ಎಷ್ಟು ಮಣ್ಣು ಹಾಕಿದ್ರೇನು?" ಎಂದಳು.

ಪಿಯುಸಿಯೋ ಐಟಿಐಯೋ ಎಂಬ ವಾದ ಇನ್ನೂ ಮುಗಿದಿಲ್ಲ. ಆದರೆ ಬಸ್ಸಿನಲ್ಲಿ ಏನಾದರೂ ಸದ್ದಾದರೆ ಅಣ್ಣ ಮೊದಲು ಕೂಗುವುದು ಮಗನನ್ನು.