ಕಿತ್ತೂರಿನ ಎಂಪಿ ಯಾರು? (ಭಾಗ 4)

ಫ್ರೆಂಡ್ಸ್, ಒಂದು ತಪ್ಪು ಒಪ್ಕೋಬೇಕು. ಧಾರವಾಡ–ಕಿತ್ತೂರು–ಬೆಳಗಾವಿ ಹೊಸ ರೈಲು ಮಾರ್ಗ ಬೇಗ ಆಗ್ಲಿ ಅಂತ ನೀವೆಲ್ಲಾ ಸಹಿ ಹಾಕಿದ ಮನವಿ ಇತ್ತಲ್ಲ? ಅದನ್ನ ನಾನು ಬೆಳಗಾವಿ ಎಂಪಿ ಒಬ್ಬರಿಗೇ ಬರೆದಿದ್ದೆ. ಜಿಲ್ಲೆ ಬೆಳಗಾವಿ, ಮತ್ಯಾರಿಗೆ ಬರೀಬೇಕು ಅನ್ಕೊಂಡೆ.

ಆದ್ರ ನಮ್ಮ ಕಿತ್ತೂರು ಬೆಳಗಾವಿ ಲೋಕಸಭಾ ಕ್ಷೇತ್ರದಾಗ ಇಲ್ಲವೇ ಇಲ್ಲ! ಬೈಲಹೊಂಗಲ, ಸವದತ್ತಿ, ರಾಮದುರ್ಗ ಬೆಳಗಾವಿಗೆ. ಕಿತ್ತೂರು, ಖಾನಾಪುರ ಉತ್ತರ ಕನ್ನಡಕ್ಕೆ. ಕಾರವಾರ, ಭಟ್ಕಳದವರು ಆರಿಸೋ ಎಂಪಿನೇ ನಮಗೂ. 2024ರಾಗ ನಿಮ್ಮ ಕಡೆ ಗೆದ್ದವರು ಜಗದೀಶ ಶೆಟ್ಟರ್, ನಮ್ಮ ಕಡೆ ಶಿರಸಿಯ ವಿಶ್ವೇಶ್ವರ ಹೆಗಡೆ ಕಾಗೇರಿ. ಒಂದೇ ಬೆಂಚಿನಾಗ ಕೂತವರಿಗೆ ಇಬ್ಬರು ಎಂಪಿ. ಕಿತ್ತೂರವಳಾಗಿ ನನಗ ಗೊತ್ತಿರಲಿಲ್ಲ, ರಾಮದುರ್ಗದವರು ನಗಬ್ಯಾಡ್ರಿ.

ಆಗ ನನಗಿನ್ನೂ ವೋಟ್ ಇರಲಿಲ್ಲ. ಅದೇ ವರ್ಷ ಯುರೋಪಿಯನ್ ಪಾರ್ಲಿಮೆಂಟಿಗೆ ಜರ್ಮನಿಯ 16 ವರ್ಷದವರೂ ವೋಟ್ ಹಾಕಿದ್ರು! ಆದ್ರ ಅಲ್ಲಿ ವೋಟು ಪಕ್ಷದ ಪಟ್ಟಿಗೆ. ಇಡೀ ದೇಶಕ್ಕ 96 ಸದಸ್ಯರು, ‘ನಮ್ಮೂರ ಎಂಪಿ’ ಅಂತ ಒಬ್ಬರಿಲ್ಲ. ನಮಗ ಒಬ್ಬರಿದ್ದಾರ, ಅವರನ್ನೇ ನಾನು ಬಿಟ್ಟಿದ್ದೆ.

ಲೋಕಸಭೆಯ ಪ್ರಶ್ನೋತ್ತರ ವೇಳೆಯಾಗ ಯಾವ ಎಂಪಿ ಬೇಕಾದ್ರೂ ರೈಲ್ವೆ ಮಂತ್ರಿಯನ್ನ ಕೇಳಬಹುದು, ಖರೆ. ಆದ್ರ ಮುಂದಿನ ಸಲ ನಮ್ಮ ವೋಟು ಕೇಳೋಕೆ ಬರೋರು ಬೇರೆ.

ಅದಕ್ಕ ಈಗ ಮೂರು ಪ್ರತಿ: ಬೆಳಗಾವಿ, ಉತ್ತರ ಕನ್ನಡ, ಧಾರವಾಡ ಎಂಪಿಗಳಿಗೆ. ಭೂಸ್ವಾಧೀನ ರಾಜ್ಯ ಸರ್ಕಾರದ ಕೆಲಸ, ಹಂಗಾಗಿ ಕಿತ್ತೂರು ಶಾಸಕರಿಗೂ ಒಂದು. ಸೋಮವಾರ ಮತ್ತೊಮ್ಮೆ ಸಹಿ ಹಾಕ್ರಿ, ಪೆನ್ ನಾನ ತರ್ತೀನಿ.