ಉಮ್ಮನ ದವಡೆ, ಉಪ್ಪನ ಸ್ಕ್ರೂ

ಕುಂಬಳೆಯ ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಉಪ್ಪ ಗಿರಾಕಿಗಳಿಗೆ ಹೇಳುತ್ತಿದ್ದರು: "ಮರ ಮೆದುವಾದರೆ ತೂತು ಸಣ್ಣದು ಕೊರೆಯಿರಿ, ಸ್ಕ್ರೂ ಬಿಗಿಯಾಗಿ ಕೂರುತ್ತದೆ."

ಕಳೆದ ವರ್ಷ ಉಮ್ಮನಿಗೆ ಮೇಲ್ದವಡೆಯ ಹಿಂಬದಿಯಲ್ಲಿ ಇಂಪ್ಲಾಂಟ್ ಹಾಕಿಸಿದೆವು. ಅಲ್ಲಿಯ ಎಲುಬು ಮೆದು. ಡಾಕ್ಟರ್ ಆರಿಸಿದ್ದು ತುದಿಗೆ ಹೋದಂತೆ ಸಪೂರವಾಗುವ, ಆಳ ಥ್ರೆಡ್‌ನ ಟೈಟೇನಿಯಂ ಸ್ಕ್ರೂ. ತೂತು ಅದಕ್ಕಿಂತ ಸಣ್ಣದು. ಒಳಹೋಗುತ್ತಾ ಅದು ಬೆಣೆಯಂತೆ ಎಲುಬನ್ನು ಒತ್ತಿ ಹಿಡಿಯಿತು. ಉಪ್ಪನ ಲೆಕ್ಕವೇ! ಗಟ್ಟಿ ಎಲುಬಿನಲ್ಲಿ ಇಷ್ಟು ಬಿಗಿದರೆ ಎಲುಬಿಗೇ ಪೆಟ್ಟಂತೆ.

ತಂಗಿಯ ಮದುವೆಗೆ ತಿಂಗಳಿತ್ತು. "ಬಿಗಿಯಾಗಿದೆಯಲ್ಲ, ಹಲ್ಲು ಕೂರಿಸಲಿ" ಎಂದರು ಉಮ್ಮ. ಮೆಕ್ಯಾನಿಕಲ್ ಡಿಪ್ಲೊಮಾದ ನಾನೂ ಹೌದೆಂದೆ. ಡಾಕ್ಟರ್ ಒಪ್ಪಲಿಲ್ಲ. ಅಂಗಡಿಯ ಮರಕ್ಕೆ ಜೀವವಿಲ್ಲ, ಎಲುಬಿಗಿದೆ. ಒತ್ತಿದ ಹಳೆ ಎಲುಬು ಕರಗಿ ಹೊಸದು ಸ್ಕ್ರೂವಿಗೆ ಬೆಸೆಯುವ ನಡುವೆ, 3-4ನೇ ವಾರದ ಹೊತ್ತಿಗೆ, ಹಿಡಿತ ತಗ್ಗುತ್ತದೆ.

ಮದುವೆಯ ಬಿರಿಯಾನಿಯನ್ನು ಉಮ್ಮ ಎಡಬದಿಯಲ್ಲೇ ಅಗಿದರು. ಹಲ್ಲು ಕೂತದ್ದು 5 ತಿಂಗಳಿಗೆ.